ಎದ್ದು ಲೇದು

ಗೂಡು ಬಂದ ದಿನ ಸೌದೆ ಬರುವುದಿಲ್ಲ, ಸೌದೆ ಬಂದ ದಿನ ಗೂಡಿರುವುದಿಲ್ಲ. ಮುಳಬಾಗಿಲಿನ ಒಂದು ಸಣ್ಣ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಂಡಿದ್ದ ನನಗೆ ಭಗವಂತ ತೋರಿಸಿದ ಆಟವೆಲ್ಲ ಇಷ್ಟರಲ್ಲೇ ಅಡಗಿದೆ.

೧. ಬಾಡಿಗೆ

ಎಪ್ಪತ್ತರ ದಶಕದ ಕೊನೆ. ನಾನು ಹುತ್ತೂರಿನ ರೈತರಿಂದ ಮೂರು ದಿನಕ್ಕಾಗುವಷ್ಟೇ ಗೂಡು ತರುತ್ತಿದ್ದೆ. ಧಾರವಾಡದ ಕಡೆಯಿಂದ ಬಂದ ಹೊಸ ಮ್ಯಾನೇಜರಿಗೆ ಅದು ಹಿಡಿಸಲಿಲ್ಲ. "ಮಾಲು ಕೈಯಾಗಿರಬೇಕ್ರೀ" ಎಂದು ಉಗ್ರಾಣದ ತುಂಬ ಗೂಡು ತರಿಸಿದರು.

ಎರಡು ಸಲ ನೂಲು ತಡವಾಗಿತ್ತು. ಈ ಸೋಮವಾರ ಬೆಂಗಳೂರಿಗೆ ನೂಲು ಹೋಗದಿದ್ದರೆ ಬೀಗ ಹಾಕುತ್ತೇನೆಂದು ಮಾಲೀಕರು ಹೇಳಿಹೋಗಿದ್ದರು. ನೂಲು ತೆಗೆಯುವ ಎಂಟು ಹೆಂಗಸರ ಅನ್ನ, ನನ್ನದೂ ಅದರಲ್ಲೇ ಇತ್ತು.

"ಸಾರ್, ಇದು ರಾಗಿಯಲ್ಲ. ಒಳಗೆ ಹುಳ ಇದೆ. ಬೇಗ ಹಬೆಗೆ ಹಾಕದಿದ್ದರೆ ಚಿಟ್ಟೆಯಾಗಿ ಗೂಡು ತೂತು ಮಾಡುತ್ತೆ, ಎಳೆ ಹಾಳು" ಎಂದೆ.

"ಹುಳ ಇದ್ರ ಇರ್ಲಿ ಬಿಡ್ರೀ, ಬಾಡಿಗಿ ಕೇಳ್ತಾವೇನು?"

೨. ಚೀಟಿ

ಹಬೆಗೆ ಸೌದೆ ಬೇಕು. ಅದು ಬರುವುದು ಬೈರಕೂರಿನಿಂದ, ಒಂದೇ ಎತ್ತಿನ ಬಂಡಿಯಲ್ಲಿ. ಬಂಡಿಯವನದು ತೆಲುಗು ಮಾತು, ಬರೆಯುವುದು ಕನ್ನಡ ಅಕ್ಷರ. ಗೂಡು ಬಂದು ವಾರವಾಗಿತ್ತು. ಆ ಗುರುವಾರ ಸಂಕಷ್ಟಿ. ಸೌದೆ ಬಂದೇ ಬರುತ್ತದೆಂದು ನಂಬಿ, ನಾನು ಕುರುಡುಮಲೆ ಗಣಪನ ಹತ್ತಿರ ಹೋಗಿದ್ದೆ. ಮರುದಿನ ಬೆಳಿಗ್ಗೆ ಬಂದಾಗ ಒಲೆ ತಣ್ಣಗಿತ್ತು.

"ಸೌದೆ ಬರಲಿಲ್ವಾ ಸಾರ್?"

"ಹೊಂಟೈತ್ರೀ, ನಿನ್ನೇನ ಬಂಡಿಯಾಂವನ ಚೀಟಿ ಬಂದೈತಿ" ಎಂದು ಮ್ಯಾನೇಜರ್ ಚೀಟಿ ಚಾಚಿದರು.

"ಎದ್ದು ಲೇದು. ರೇಪು ವಸ್ತುಂದಿ" ಎಂದಿತ್ತು. ಎತ್ತು ಇಲ್ಲ, ನಾಳೆ ಬರುತ್ತದೆ ಎಂದರ್ಥ.

"ನೀವು ಹೇಗೆ ಓದಿದಿರಿ ಸಾರ್?"

"ಲೇದು ಅನ್ನಾಂವ ಎದ್ದಾನ. ರೇಪು ಅನ್ನಾಂವ ವಸ್ತು ತರ್ತಾನ."

೩. ಎದ್ದವರು

ಉಗ್ರಾಣದ ಬಾಗಿಲು ತೆಗೆದೆ. ಕಿಟಕಿಯಿಂದ ಎಳೆಬಿಸಿಲು ಬೀಳುತ್ತಿತ್ತು. ತಟ್ಟೆಗಳ ಮೇಲೆಲ್ಲ ಮಲ್ಲಿಗೆ ಅರಳಿ, ಗಾಳಿಯಿಲ್ಲದೆ ತಾನೇ ನಡುಗುತ್ತಿದ್ದ ಹಾಗಿತ್ತು. ಸಾವಿರಾರು ಬಿಳಿ ಚಿಟ್ಟೆ. ಹಾರಲು ಬಾರದೆ, ರೆಕ್ಕೆ ಬಡಿಯುತ್ತ ಗೋಡೆ ಹತ್ತುತ್ತಿದ್ದವು. ಹಬೆಗೆ ಹಾಕುವಾಗೆಲ್ಲ ಕಣ್ಣು ಮುಚ್ಚಿ ಕ್ಷಮೆ ಕೇಳುತ್ತಿದ್ದವನು ನಾನು. ಕೆಲಸ ಹೋಗುವ ಹೊತ್ತಲ್ಲೂ ಕೈ ತಾನಾಗಿ ಮುಗಿಯಿತು. ಹೆಂಗಸರು ಸೆರಗು ಬಾಯಿಗಿಟ್ಟು ನಿಂತರು.

"ಏನ್ರೀ ಇದು?" ಮ್ಯಾನೇಜರ್ ದನಿ ಇಳಿದಿತ್ತು. ಭುಜದ ಮೇಲೊಂದು ಚಿಟ್ಟೆ ಕೂತಿತ್ತು.

"ಎದ್ದು ಅಂದರೆ ತೆಲುಗಲ್ಲಿ ಎತ್ತು ಸಾರ್. ಎತ್ತು ಬರಲಿಲ್ಲ. ಇವು ಎದ್ದುಬಿಟ್ಟವು."

ಸಿಕ್ಕ ಮೊದಲ ಬಸ್ಸಿಗೇ ಹುತ್ತೂರಿಗೆ ಹೋದೆ. "ವರ್ಷವೆಲ್ಲಾ ತಗೊಳ್ಳೋನು ನೀನು, ನಿಂಗಿಲ್ಲ ಅಂತೀನೇನ್ಲಾ?" ಎಂದು ರೈತನೊಬ್ಬ ಹೊಸ ಗೂಡು ಕೊಟ್ಟ. ತಿರುಗಿ ಬರುವಷ್ಟರಲ್ಲಿ ಬೈರಕೂರಿನ ಬಂಡಿಯೂ ಬಂದಿತ್ತು. ಹೆಂಗಸರು ಮೂರು ದಿನ ಬೆನ್ನೆತ್ತಲಿಲ್ಲ. ಸೋಮವಾರ ಕೊನೆಯ ಬಸ್ಸಿಗೆ ನೂಲು ಏರಿತು. ತಂದಿದ್ದ ಬೀಗವನ್ನು ಮಾಲೀಕರು ಜೇಬಿಗೇ ಹಾಕಿಕೊಂಡು ಹೋದರು.

ಅಲ್ಲಿಂದಾಚೆಗೆ ಗೂಡು ಮತ್ತೆ ಮೂರು ದಿನಕ್ಕಾಗುವಷ್ಟೇ. ಮ್ಯಾನೇಜರ್ ದಿನಾ ಬೆಳಿಗ್ಗೆ ಉಗ್ರಾಣಕ್ಕೆ ಬಂದು, ಗೂಡಿನ ಮಾತಿಗೆ ಮೊದಲು, ಮೆಲ್ಲಗೆ ಕೇಳುತ್ತಿದ್ದರು:

"ಬೈರಕೂರಾಗ ಎದ್ದು ಎದ್ದೈತೇನ್ರೀ?"