ಒಂದು ಹಲ್ಲು, ನಾಲ್ಕನೇ ಸ್ಕ್ಯಾನು

ಮೇಷ್ಟ್ರು: ಪೂರ್ತಿ ಬಾಯಿದು ಸ್ಕ್ಯಾನ್ ತೆಗಿಯಮ್ಮ ಅಂದ್ರೆ ತೆಗಿ! ಒಂದೇ ಒಂದು ಹಲ್ಲಿಗೆ ಇಷ್ಟು ದೊಡ್ಡ ಮಿಷನ್ ಸುತ್ತಿಸ್ತಾರಾ?

ಟೆಕ್ನಿಷಿಯನ್: ಸಾರ್, ಚೀಟೀಲಿ ಬರೆದಿರೋದು ಎಡಗಡೆ ಕೊನೇ ಹಲ್ಲು. ಅಷ್ಟು ಜಾಗಕ್ಕೆ ಮಾತ್ರ ಕಿರಣ ಬಿಡ್ತೀನಿ. ನೋವಿಲ್ಲದ ಹಲ್ಲಿಗೆಲ್ಲ ಯಾಕೆ ಸುಮ್ನೆ ರೇಡಿಯೇಷನ್?

ಮೇಷ್ಟ್ರು: ಹೇಗೂ ತಿರುಗುತ್ತಲ್ಲ, ಮಿಕ್ಕಿದ್ದೂ ಬಂದ್ಬಿಡ್ಲಿ.

ಟೆಕ್ನಿಷಿಯನ್: ಬಸ್ಸು ಹೇಗೂ ಹೋಗುತ್ತೆ ಅಂತ ಕೆಲಸ ಇಲ್ಲದ ಊರಿಗೆಲ್ಲ ಹೋಗಿ ಬರ್ತೀರಾ ಸಾರ್?

ಈ ವಾದವೆಲ್ಲ ನಡೆಯುತ್ತಿದ್ದದ್ದು ಮೇಷ್ಟ್ರ ಹೆಂಡತಿಯ ತಲೆಯ ಅಕ್ಕಪಕ್ಕದಲ್ಲೇ. ಆಕೆ ಮಿಷನ್ನಿನ ಮುಂದೆ ಗದ್ದ ಊರಿ, ಮುಂದಿನ ಹಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಕಡ್ಡಿ ಕಚ್ಚಿಕೊಂಡು ನಿಂತಿದ್ದರು. ಎಡಗೆನ್ನೆ ಊದಿತ್ತು. ಮಾತಾಡಬಾರದು, ಅಲ್ಲಾಡಬಾರದು ಎಂದು ಟೆಕ್ನಿಷಿಯನ್ ಹೇಳಿದ್ದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಮೊದಲನೆಯದು ಆಕೆಗೆ ಚೆನ್ನಾಗಿಯೇ ರೂಢಿಯಾಗಿತ್ತು.

ಟೆಕ್ನಿಷಿಯನ್: ಸಾರ್, ನೀವು ಹೊರಗೆ ಹೋಗಿ. ಅಂದಹಾಗೆ ಆ ಸೀಸದ ಏಪ್ರನ್ ಯಾಕೆ ಹಾಕ್ಕೊಂಡ್ರಿ?

ಮೇಷ್ಟ್ರು: ಗೋಡೇಲಿ ತೂಗಾಕಿದ್ರಿ, ಹಾಕ್ಕೊಂಡೆ. ರೇಡಿಯೇಷನ್ ಅಂದ್ರೆ ಹುಡುಗಾಟಾನಾ? ನಾನು ಮೊಬೈಲ್ ಕೂಡ ತಲೆ ಹತ್ರ ಇಟ್ಕೊಂಡು ಮಲಗಲ್ಲ. ಅವಳ ದಿಂಬಿನ ಹತ್ರ ಇಡ್ತೀನಿ.

ಟೆಕ್ನಿಷಿಯನ್: ಬಾಗಿಲಾಚೆ ನಿಂತ್ರೆ ಸಾಕು, ನಿಮಗೆ ಏನೂ ಬೇಡ.

ಮೇಷ್ಟ್ರು: ಬಾಗಿಲಾಚೆ ಹೋಗಿ, ಹಾಕ್ಕೊಂಡೇ ನಿಂತಿರ್ತೀನಿ.

ಟೆಕ್ನಿಷಿಯನ್ ನಿಟ್ಟುಸಿರು ಬಿಟ್ಟು ಫಾರಂ ಕೈಗೆತ್ತಿಕೊಂಡಳು.

ಟೆಕ್ನಿಷಿಯನ್: ಬಟನ್ ಒತ್ತೋ ಮುಂಚೆ ಎರಡು ಪ್ರಶ್ನೆ. ಅಮ್ಮ ಗರ್ಭಿಣಿನಾ?

ಮೇಷ್ಟ್ರು: ಅವಳಿಗೆ ಅರವತ್ತು ದಾಟಿದೆ!

ಟೆಕ್ನಿಷಿಯನ್: ಎಲ್ಲ ಹೆಂಗಸರಿಗೂ ಕೇಳಬೇಕು ಅಂತ ಇಲ್ಲಿಯ ರೂಲ್ಸು. ಎರಡನೇದು, ಈಚೆಗೆ ಬೇರೆ ಕಡೆ ಸ್ಕ್ಯಾನ್ ಆಗಿದ್ಯಾ? ಆಗಿದ್ರೆ ಅದನ್ನೇ ನೋಡಬಹುದು, ಹೊಸದು ಬೇಡವೇ ಬೇಡ.

ಮೇಷ್ಟ್ರು: ಒಂದೂ ಇಲ್ಲ.

ಹೆಂಡತಿ ಅಲ್ಲಾಡದೆ, ಬಲಗೈ ಎತ್ತಿ ಮೂರು ಬೆರಳು ತೋರಿಸಿದರು. ಟೆಕ್ನಿಷಿಯನ್ ಮನಸ್ಸು ಇನ್ನೂ ಫಾರಮ್ಮಿನ ಮೊದಲ ಪ್ರಶ್ನೆಯಲ್ಲೇ ಇತ್ತು.

ಟೆಕ್ನಿಷಿಯನ್: ಅಯ್ಯೋ ಅಮ್ಮಾ! ಮೂರು ತಿಂಗಳಾ?

ಮೇಷ್ಟ್ರು: ಏನಮ್ಮ ನೀನು! ಮೂರು ದಿನದಿಂದ ನೋವು ಅಂತಿದ್ದಾಳೆ.

ಹೆಂಡತಿ ತಲೆ ಆಡಿಸುವಂತಿರಲಿಲ್ಲ. ಕುರ್ಚಿಯ ಮೇಲಿದ್ದ ತಮ್ಮ ಚೀಲದ ಕಡೆ ಬೆರಳು ಮಾಡಿದರು.

ಮೇಷ್ಟ್ರು: ಕರ್ಚೀಫ್ ಬೇಕಂತೆ. ಆಮೇಲೆ ಕೊಡ್ತೀನಿ ಬಿಡು. ಒತ್ತಮ್ಮ ಬಟನ್ನು.

ಹಲ್ಲುನೋವನ್ನು ಮೀರಿಸುವಷ್ಟು ಸಿಟ್ಟು ಬಂತು ಹೆಂಡತಿಗೆ. ಇವತ್ತು ಸುಮ್ಮನಿರುವುದಿಲ್ಲ ಎಂದು ಮನೆ ಬಿಡುವಾಗಲೇ ನಿರ್ಧಾರ ಮಾಡಿಕೊಂಡು ಬಂದಿದ್ದರು. ಕಡ್ಡಿಯನ್ನು ಬಾಯಿಂದ ಕಿತ್ತು ಟೆಕ್ನಿಷಿಯನ್ ಕೈಗಿಟ್ಟರು.

ಹೆಂಡತಿ: ಮೂರು ತಿಂಗಳಲ್ಲ, ಮೂರು ದಿನವೂ ಅಲ್ಲ. ಮೂರು ಸ್ಕ್ಯಾನು! ಇಪ್ಪತ್ತು ದಿನದಲ್ಲಿ, ಮೂರು ಆಸ್ಪತ್ರೇಲಿ, ಇದೇ ಹಲ್ಲಿಗೆ.

ಟೆಕ್ನಿಷಿಯನ್: ಸಾರ್! ಒಂದೂ ಇಲ್ಲ ಅಂದ್ರಲ್ಲ?

ಮೇಷ್ಟ್ರು: ತೋರಿಸೋಕೆ ಒಂದೂ ಇಲ್ಲ ಅಂದೆ. ಬೀರುವಿನಲ್ಲಿಟ್ಟು ಬೀಗ ಹಾಕಿದೀನಿ.

ಟೆಕ್ನಿಷಿಯನ್: ಯಾಕೆ?

ಮೇಷ್ಟ್ರು: ನೋಡಮ್ಮ, ಮೂವತ್ತು ವರ್ಷ ಗಣಿತ ಹೇಳಿಕೊಟ್ಟಿದೀನಿ, ಪರೀಕ್ಷಾ ಹಾಲ್ ಕಾದಿದೀನಿ. ಮೊದಲನೇ ಡಾಕ್ಟರ್ ಉತ್ತರ ಎರಡನೇ ಡಾಕ್ಟರಿಗೆ ತೋರಿಸಿದ್ರೆ ಏನ್ಮಾಡ್ತಾನೆ? ಕಾಪಿ ಹೊಡೀತಾನೆ! ಅದಕ್ಕೇ ಎಲ್ಲರಿಗೂ ಖಾಲಿ ಹಾಳೆ.

ಹೆಂಡತಿ: ಆ ಖಾಲಿ ಹಾಳೆ ನಾನು ಕಣ್ರೀ!

ಟೆಕ್ನಿಷಿಯನ್: ಸಾರ್, ಒಂದು ಸ್ಕ್ಯಾನಲ್ಲಿ ಬರೋ ರೇಡಿಯೇಷನ್ ಕಮ್ಮೀನೇ, ಹೆದರೋಂಥದ್ದಲ್ಲ. ಆದ್ರೆ ಬೇಡದ್ದು ಎಷ್ಟೇ ಕಮ್ಮಿ ಇದ್ರೂ ಬೇಡದ್ದೇ. ನಾನಿಲ್ಲಿ ಒಂದೊಂದು ಹಲ್ಲಿನ ಅಳತೆ ನೋಡಿ ಕಿರಣ ಉಳಿಸ್ತೀನಿ, ನೀವು ಮೂರು ಆಸ್ಪತ್ರೆ ಸುತ್ತಿಸಿ ಖರ್ಚು ಮಾಡ್ತೀರಿ.

ಹೆಂಡತಿ ಚೀಲ ತೆರೆದು ಮೂರು ಲಕೋಟೆ ತೆಗೆದರು. ಮೇಷ್ಟ್ರ ಮುಖ ಸಪ್ಪಗಾಯಿತು.

ಮೇಷ್ಟ್ರು: ಬೀಗದಕೈ ಎಲ್ಲಿ ಸಿಕ್ತು ನಿನಗೆ?

ಹೆಂಡತಿ: ನೀವು ಮೂವತ್ತೈದು ವರ್ಷದಿಂದ ಬಚ್ಚಿಡೋ ಜಾಗದಲ್ಲೇ.

ಟೆಕ್ನಿಷಿಯನ್ ಒಂದೊಂದೇ ಫಿಲ್ಮನ್ನು ಬೆಳಕಿಗೆ ಹಿಡಿದಳು, ರಿಪೋರ್ಟುಗಳ ಮೇಲೆ ಕಣ್ಣಾಡಿಸಿದಳು.

ಟೆಕ್ನಿಷಿಯನ್: ಎಷ್ಟು ಚೆನ್ನಾಗಿ ಬಂದಿದೆ! ನಮ್ಮ ಡಾಕ್ಟರಿಗೆ ಇಷ್ಟು ಸಾಕಾಗುತ್ತೆ, ಕೇಳಿಬಿಡೋಣ. ಮೂವರೂ ಒಂದೇ ಬರೆದಿದ್ದಾರೆ, ಹಲ್ಲು ಕೀಳಬೇಕು ಅಂತ. ಒಬ್ಬರದು ಒಬ್ಬರು ನೋಡದೇನೇ! ಮತ್ತೆ ನಾಲ್ಕನೇದು ಯಾಕೆ ಸಾರ್?

ಮೇಷ್ಟ್ರು ಏಪ್ರನ್ನಿನ ಅಂಚು ಸರಿಮಾಡಿಕೊಂಡರು.

ಮೇಷ್ಟ್ರು: ಸರಿಯುತ್ತರ ಯಾರೂ ಬರೀಲಿಲ್ಲಮ್ಮ.

ಟೆಕ್ನಿಷಿಯನ್: ಯಾವುದು ಸರಿಯುತ್ತರ?

ಮೇಷ್ಟ್ರು: ಉಪ್ಪುನೀರು ಮುಕ್ಕಳಿಸಿದ್ರೆ ಸಾಕು ಅಂತ. ಮೊದಲನೇ ದಿನವೇ ನಾನು ಹೇಳಿದ್ದೆ.

ಹೆಂಡತಿ ಊದಿದ ಕೆನ್ನೆಗೆ ಕೈಯೊತ್ತಿಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಹೆಂಡತಿ: ಆ ಮೂವರಿಗೂ ಪೂರ್ತಿ ಮಾರ್ಕ್ಸ್ ಕೊಟ್ಬಿಡಿ. ನಿಮ್ಮ ಉತ್ತರಾನ ನಾನು ಇಪ್ಪತ್ತು ದಿನ ಮುಕ್ಕಳಿಸಿ ಉಗಿದಿದೀನಿ. ಸೊನ್ನೆ.

ಲಕೋಟೆಗಳನ್ನು ವಾಪಸು ತೆಗೆದುಕೊಂಡು ಆಕೆ ಡಾಕ್ಟರ ಕೋಣೆಯ ಕಡೆ ನಡೆದರು. ಮೇಷ್ಟ್ರು ತೆಪ್ಪಗೆ ಹಿಂದೆ ಹೊರಟರು.

ಟೆಕ್ನಿಷಿಯನ್: ಸಾರ್, ಏಪ್ರನ್! ಬಿಚ್ಚಿಟ್ಟು ಹೋಗಿ!

ಹೆಂಡತಿ: ಇರ್ಲಿ ಬಿಡಮ್ಮ. ಒಳಗೆ ಡಾಕ್ಟರ್ ಇವರಿಗೆ ಬೈಯೋಕೆ ಬಾಯಿ ತೆಗೆದಾಗ ಬೇಕಾಗುತ್ತೆ.