ಓದಿದವರ ಮುಯ್ಯಿ

ನನ್ನ ಹೆಂಡತಿಯ ತಮ್ಮ ಮುತ್ತಪ್ಪ, ಕುಲಗೋಡ ಬಸ್‌ಸ್ಟ್ಯಾಂಡಿನಲ್ಲಿ, ನನ್ನದೇ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಕೂತು, ನಾನೇ ತರಿಸಿದ ಚಹಾ ಕುಡಿಯುತ್ತ ಆಡಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಮರೆಯುವುದೂ ಇಲ್ಲ.

"ಮಾವ, ನಿನ್ನ ಬ್ಲಾಗ್ ಓದಾವ್ರು ಇಬ್ಬರ. ಒಬ್ಬಾಂವ ನೀನು. ಇನ್ನೊಬ್ಬಾಕಿ ನಮ್ಮಕ್ಕ. ಪಾಪ, ಆಕಿ ಎಲ್ಲಿಗಿ ಓಡಿ ಹೋಗ್ಬೇಕು?"

ನಾನು ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು, ನಿಜ. ಆದರೆ ನಾಲ್ಕು ವರ್ಷದಿಂದ ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕೈಯಲ್ಲಿ ಲೋಕಕಲ್ಯಾಣ ಹಿಡಿದು 'ಕೆಂಚಪ್ಪನ ಖಡಕ್ ಮಾತು' ಎಂಬ ಬ್ಲಾಗ್ ನಡೆಸಿದ್ದೇನೆ. ಆನ್‌ಲೈನ್ ಪತ್ರಿಕೆಗಳ ಬಗ್ಗೆ ನಾನು ಬರೆದದ್ದು ಕೇಳಿ: "ತಲೆಬರಹ ಮಳೆಗಾಲದ ಗೋಕಾಕ ಫಾಲ್ಸು, ಒಳಗಿನ ಸುದ್ದಿ ಬೇಸಿಗೆಯ ಗೋಕಾಕ ಫಾಲ್ಸು." ಸ್ಟಾರ್ಟ್‌ಅಪ್ ಬಗ್ಗೆ: "ನಮ್ಮ ಅಜ್ಜನ ಬೆಲ್ಲದ ಗಾಣವೂ ಸ್ಟಾರ್ಟ್‌ಅಪ್ಪೇ. ಲುಕ್ಸಾನಾದಾಗ ಅಜ್ಜ ಸುಮ್ಮನೆ ಬಾಗಿಲು ಹಾಕಿದ. ಇವರು 'ಈ ಪಯಣದಲ್ಲಿ ನಾವು ಕಲಿತದ್ದು' ಎಂದು ಎರಡು ಪುಟ ಬರೆದು ಹಾಕುತ್ತಾರೆ."

ಇಂಥ ಮುತ್ತುಗಳನ್ನು ಊರಿನ ಗ್ರೂಪಿಗೆ ಕಳಿಸಿದರೆ ಅರ್ಧ ನಿಮಿಷದಲ್ಲಿ ನಲವತ್ತು ಹೆಬ್ಬೆರಳು ಏಳುತ್ತವೆ. ಹಿಂದಿನವರು ಓದಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದರು. ಈಗಿನವರು ಓದಲು ಬಂದೂ ಒತ್ತುತ್ತಾರೆ.

ನನಗೆ ಸಿಟ್ಟು ಬಂದರೆ ಮೊದಲು ಬಾಯಿ ಹೊರಡುತ್ತದೆ, ಬುದ್ಧಿ ಮುಂದಿನ ಬಸ್ಸಿಗೆ ಬರುತ್ತದೆ.

"ಲೇ ಮುತ್ತಪ್ಪಾ, ಅಮಾಸಿ ಒಳಗ ಊರಾಗಿನ ಹತ್ತು ಮಂದಿ ನನ್ನ ಬರಹ ಪೂರ್ತಿ ಓದಿ, ಅದರಾಗ ಏನೈತಿ ಅಂತ ನಿನ್ನ ಮುಂದ ಹೇಳ್ತಾರ. ಹೇಳಲಿಲ್ಲಂದ್ರ ಬ್ಲಾಗ್ ಬಂದ್!"

"ಹೇಳಿದ್ರ ನನ್ನ ಮೀಸಿ ಬೋಳಸ್ತೀನಿ ಬಿಡು," ಎಂದ ಮುತ್ತಪ್ಪ, ಮೀಸೆಗಂಟಿದ ಚಹಾ ಒರೆಸಿಕೊಳ್ಳುತ್ತ.

ಸಂಜೆ ಮನೆಗೆ ಬರುವಾಗ ದಾರಿಯಲ್ಲೇ ಮಹಾವಿಚಾರ ಹೊಳೆಯಿತು. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ಲ: ನೀನು ಒಂದು ದಿನ ನನ್ನ ಹೊಲಕ್ಕೆ ದುಡಿಯಲು ಬಂದರೆ ನಾನೊಂದು ದಿನ ನಿನ್ನ ಹೊಲಕ್ಕೆ. ರೊಕ್ಕದ ಮಾತೇ ಇಲ್ಲ. ಕೆಲಸಕ್ಕೆ ಕೆಲಸವೇ ಮುಯ್ಯಿ. ಇದನ್ನೇ ಓದಿಗೆ ಹಚ್ಚಿದರೆ?

ಹೆಂಡತಿ ಸುಂದ್ರವ್ವ ಒಲೆಯ ಮುಂದಿದ್ದಳು.

"ನಾ ಬರದದ್ದು ಅವರು ಓದ್ಲಿ, ಅವರು ಬರದದ್ದು ನಾ ಓದ್ತೀನಿ. ತಾಸಿಗಿ ತಾಸು! ಇದು ಬೆಂಗಳೂರಾಗೂ ಯಾರಿಗೂ ಹೊಳ್ದಿಲ್ಲ!"

"ಊರಾಗ ಬರಿಯೋರು ನೀವೊಬ್ಬರ ಅದೀರಲ್ರೀ. ಉಳ್ದವ್ರು ನಿಮ್ಮ ಕಡಿಂದ ಏನ್ ಮಾಡಿಸ್ಕೊಂಡು ಮುಯ್ಯಿ ತೀರಿಸ್ಕೋಬೇಕು?"

"ನಿನಗ ಸ್ಟಾರ್ಟ್‌ಅಪ್ ತಿಳಿಯೂದಿಲ್ಲ. ಸುಮ್ಕ ರೊಟ್ಟಿ ಬಡಿ."

(ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ಅವಳಂತೂ ಇಟ್ಟುಕೊಂಡಿದ್ದಾಳೆ.)

ಗ್ರೂಪಿನಲ್ಲಿ ಘೋಷಣೆ ಹೊರಟಿತು: "ಓದಿರಿ, ಮುಯ್ಯಿ ತೀರಿಸುವೆ. ಇದು ಕೆಂಚಪ್ಪನ ಮಾತು." ಮೂರನೆಯ ದಿನ ಬೆಳಗ್ಗೆ ಸಾತವ್ವ ಆಯಿ, ಮೊಮ್ಮಗಳು ಪೂನಮ್‌ಳ ಕೈ ಹಿಡಿದು ಅಂಗಡಿಗೆ ಬಂದಳು.

"ಓದಿದ್ವಪಾ ಕೆಂಚಪ್ಪ. ನಿಮ್ಮಜ್ಜನ ಗಾಣದ್ದು ಭಾಳ ಖರೆ ಬರದಿ. ನಾಳಿ ಜ್ವಾಳದಾಗ ಕಸಾ ತಗ್ಯಾಕ ಬಾ."

"ಆಯಿ, ಮುಯ್ಯಿ ಅಂದ್ರ ನೀ ಬರದದ್ದು ನಾ ಓದೂದು..."

"ನಾ ಏನ್ ಬರೀಲೋ? ನನಗ ಓದಾಕ ಬರೂದಿಲ್ಲ, ಇಕಿ ಓದಿದ್ಲು, ನಾ ಕೇಳೀನಿ. ನಾಕ್ ತಾಸು ಇಬ್ಬರೂ ಕುಂತೀವಿ. ಅಂದ್ರ ಎಂಟು ತಾಸು ಆತು. ಬುತ್ತಿ ತರಬ್ಯಾಡ, ಊಟಾ ನಮ್ಮದ."

ಮಾತು ಕೊಟ್ಟವನು ನಾನು. ಅಮಾವಾಸ್ಯೆಯ ತನಕ ಅಂಗಡಿ ಅರ್ಧ ದಿನ ಮುಚ್ಚಿಯೇ ಇತ್ತು. ಸಾತವ್ವನ ಜೋಳದಲ್ಲಿ ಕಸ ತೆಗೆದೆ. ಅರ್ಜುನನ ಕಬ್ಬಿನಲ್ಲಿ ಒಣ ಎಲೆ ಸುಲಿದು ಮೈಯೆಲ್ಲ ಗೀರಿಸಿಕೊಂಡೆ. ಬೀರಸಿದ್ದಪ್ಪ ಕುರಿ ಕಾಯುತ್ತ ಎರಡೇ ಎರಡು ಬರಹ ಓದಿದ್ದ. ಅದಕ್ಕೆ ಅವನ ಅರವತ್ತು ಕುರಿಗಳ ಮೈ ತೊಳೆದೆ. (ಓದುಗರು ಹೆಚ್ಚಾದಂತೆ ಬರೆಯುವವನು ಕೃಶನಾಗುತ್ತಾನೆ ಎಂಬ ಸತ್ಯವನ್ನು ಯಾವ ಆನ್‌ಲೈನ್ ಪಂಡಿತನೂ ಹೇಳಿಲ್ಲ.) ಆದರೆ ಜನ ಓದಿದರು! ಕೆಸರಲ್ಲಿ ನಿಂತವನನ್ನು ಕೂಗಿ, "ಕಾಕಾ, ಫಾಲ್ಸಿಂದು ಚಲೋ ಬರದೀ ನೋಡು!" ಎಂದರು. ಆಗಿನ ಸುಖ ಬೇರೆ.

ಅಮಾವಾಸ್ಯೆಯ ದಿನ ಅಂಗಡಿಯ ಮುಂದೆ ಪರೀಕ್ಷೆ. ಮುತ್ತಪ್ಪ ಹೆಡ್‌ಮಾಸ್ತರರ ಹಾಗೆ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕೇಳಿದ. ಸಾತವ್ವ ಗಾಣದ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದಳು. ಒಂಬತ್ತು ಮಂದಿ ಪಾಸು. ಹತ್ತನೆಯವನಿಲ್ಲ! ಮುತ್ತಪ್ಪ ಮೀಸೆ ತಿರುವಿದ. ನಾನು ನಾಲ್ಕು ವರ್ಷದ ಬ್ಲಾಗಿಗೆ ಕೊನೆಯ ಸಾಲು ಹುಡುಕತೊಡಗಿದೆ.

ಅಷ್ಟರಲ್ಲಿ ಸುಂದ್ರವ್ವ ನನ್ನ ಬುತ್ತಿ ಹಿಡಿದು ಬಂದಳು.

"ನಾನೂ ಊರಾಕಿನ ಅಲ್ಲನು? ಕೇಳೋ ತಮ್ಮಾ. ಇನ್ನೂರಾ ಹದಿನಾಲ್ಕು ಅದಾವು, ಯಾವುದು ಹೇಳ್ಲಿ?"

ಮೊದಲ ಬರಹದಿಂದ ಶುರು ಮಾಡಿದಳು. ಎಲ್ಲಿ ಸಿಟ್ಟಾಗಿದ್ದೆ, ಎಲ್ಲಿ ಬರೆದದ್ದನ್ನೇ ಮತ್ತೆ ಬರೆದಿದ್ದೆ, ಯಾವ ಸಾಲನ್ನು ಅವಳೇ ತಿದ್ದಿದ್ದಳು, ಎಲ್ಲ ಹೇಳಿದಳು. ಹದಿನೇಳನೆಯದಕ್ಕೆ ಮುತ್ತಪ್ಪ ಕೈ ಮುಗಿದು, ಎದ್ದು ಬಾಜೂ ಕಟಿಂಗ್ ಅಂಗಡಿಗೆ ನಡೆದ. ಜನ ಸೀಟಿ ಹೊಡೆದರು. ನಾನು ಎದೆ ಉಬ್ಬಿಸಿದೆ.

"ಮತ್ತ ನನ್ನ ಮುಯ್ಯಿ?" ಎಂದಳು ಸುಂದ್ರವ್ವ.

ಎದೆ ಇಳಿಯಿತು.

"ಒಂದೊಂದನ್ನೂ ಒಂದೊಂದು ತಾಸು ಓದಿ ಹೇಳೀರಿ. ನಾ ಒಲಿ ಮುಂದ ಕುಂತು ಕೇಳೀನಿ. ಇನ್ನೂರಾ ಹದಿನಾಲ್ಕು ತಾಸು."

"ಹಳೇ ಮುಯ್ಯಿ ಮೊದ್ಲ ತೀರ್ಬೇಕಪಾ," ಎಂದು ಸಾತವ್ವ ಆಯಿ ತೀರ್ಪು ಕೊಟ್ಟೇಬಿಟ್ಟಳು.

"ಏನ್ ಮಾಡ್ಬೇಕು ಹೇಳು. ರೊಟ್ಟಿ ಬಡೀಲಾ?"

"ಬ್ಯಾಡ್ರಿ, ಜ್ವಾಳದ ಹಿಟ್ಟು ಹಾಳಾಕ್ಕೈತಿ. ನಾ ಮಾತಾಡ್ತೀನಿ, ನೀವು ಕೇಳ್ರಿ. ಒಂದೊಂದು ತಾಸು. ನಡುವ ಬಾಯಿ ಹಾಕಬಾರ್ದು. ಹಾಕಿದ್ರ ತಾಸು ಮೊದಲಿಂದ."

ಇದೇನು ಮಹಾ ಎಂದುಕೊಂಡೆ. ಕಬ್ಬು ಸುಲಿದವನಿಗೆ ಸುಮ್ಮನೆ ಕೂರುವುದು ಕಷ್ಟವೇ?

ಆಗಿ ಏಳು ತಿಂಗಳಾಯಿತು. ಮುತ್ತಪ್ಪನ ಮೀಸೆ ಮೊದಲಿಗಿಂತ ದಟ್ಟವಾಗಿ ಬೆಳೆದಿದೆ. ಬ್ಲಾಗ್ ಉಳಿದಿದೆ, ಆದರೆ ಹೊಸದು ಬರೆದಿಲ್ಲ. ಬರೆದರೆ ಅವಳು ಕೇಳುತ್ತಾಳೆ, ಬಾಕಿ ಬೆಳೆಯುತ್ತದೆ. (ಇದನ್ನು ಕಾಗದದ ಮೇಲೆ ಬರೆದು, ಅಂಗಡಿಯಲ್ಲೇ ಮಡಚಿ ಪತ್ರಿಕೆಗೆ ಕಳಿಸುತ್ತಿದ್ದೇನೆ. ದಯವಿಟ್ಟು ಯಾರೂ ಅವಳಿಗೆ ಓದಿ ಹೇಳಬೇಡಿ.)

ನಿನ್ನೆ ಐವತ್ತೆಂಟು ನಿಮಿಷ ದಾಟಿಸಿದ್ದೆ. ತುಟಿ ಕಚ್ಚಿ, ಗಡಿಯಾರ ನೋಡುತ್ತ ಕೂತಿದ್ದೆ. ಆಗ ಅವಳು, "ಏನಾರ ಅನ್ರಿ, ನಮ್ಮ ಮುತ್ತಪ್ಪ ಶಾಣ್ಯಾ ಅದಾನ," ಎಂದಳು.

"ಶಾಣ್ಯಾ? ಆ ಮಗಾ...!" ಎಂದೆ ನಾನು.

ಸುಂದ್ರವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು, ನೆಟ್ಟಗೆ ಕೂತಳು.

"ಹಾಂ, ನಮ್ಮ ಲಗ್ನಾ ಆದ ದಿನದಿಂದ ಹೇಳಾಕತ್ತಿದ್ನಲ್ರಿ..."

ಇನ್ನೂರ ಹದಿನಾಲ್ಕು ತಾಸಿನಲ್ಲಿ ಮೊದಲನೆಯ ತಾಸು ಇನ್ನೂ ಮುಗಿದಿಲ್ಲ.