ಗಿರಿಜೆಯ ಕಾಗದದಲ್ಲಿ ನನ್ನ ಹೆಸರು

ವಯಸ್ಸಾದವರಿಗೆ ಸಾವಿನ ಭಯ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅರವತ್ತೆಂಟು ತುಂಬಿದ ನನ್ನನ್ನು ಕೇಳಿದರೆ, ನನಗಿರುವುದು ಖಾಲಿ ಬಿಟ್ಟ ಜಾಗದ ಭಯ. ಅರ್ಜಿಯಲ್ಲಿ ‘ಇಲ್ಲಿ ಹೆಸರು ಬರೆಯಿರಿ’ ಎಂದು ಒಂದು ಗೆರೆ ಎಳೆದಿದ್ದರೆ ಸಾಕು, ನನ್ನ ಅಂಗೈ ಬೆವರುತ್ತದೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದೆ. ಕಡತದ ಮೇಲೆ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಮೇಲಕ್ಕೆ ಕಳಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಬಸವೇಶ್ವರನಗರದ ನಮ್ಮ ಮನೆಯಲ್ಲೂ ಅದೇ ಪದ್ಧತಿ. ಇಲ್ಲಿ ಮೇಲಧಿಕಾರಿ ನನ್ನ ಹೆಂಡತಿ ಗಿರಿಜೆ. ಬಚ್ಚಲುಮನೆಗೆ ಯಾವ ಬಣ್ಣದ ಟೈಲ್ಸ್, ಮಗನಿಗೆ ಯಾವ ಹೆಣ್ಣು, ನನಗೆ ಯಾವ ಶರಟು, ಎಲ್ಲಕ್ಕೂ ಅವಳದೇ ಆದೇಶ. ಹೀಗೆ ಸುಖವಾಗಿದ್ದೆ.

ಈ ಸುಖ ಕೆಟ್ಟದ್ದು ಅವಳ ಗೆಳತಿಯೊಬ್ಬಳನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು ಬಂದ ದಿನ. ಲಕ್ವ ಹೊಡೆದು ಆಕೆ ತಿಂಗಳುಗಟ್ಟಲೆ ಕೊಳವೆಗಳ ನಡುವೆ ಮಲಗಿದ್ದಳು. ತನಗೇನು ಬೇಕು, ಏನು ಬೇಡ ಎಂದು ಹೇಳಲು ಅವಳಿಗೆ ಬಾಯಿರಲಿಲ್ಲ. ಹೊರಗೆ ವರಾಂಡದಲ್ಲಿ ಮೂವರು ಮಕ್ಕಳು ಮೂರು ಮಾತಾಡುತ್ತಿದ್ದರು. ಮನೆಗೆ ಬಂದ ಗಿರಿಜೆ ಚಪ್ಪಲಿ ಬಿಡುತ್ತಲೇ, “ರೀ, ನಂಗೆ ಹಿಂಗಾಗೋದು ಬೇಡ. ಬುದ್ಧಿ ನೆಟ್ಟಗಿರೋವಾಗ್ಲೇ ಎಲ್ಲಾ ಬರೆದಿಡ್ತೀನಿ,” ಎಂದಳು. ನಾನು ಎಂದಿನಂತೆ ಮಾತು ಬದಲಿಸಲು ನೋಡಿದೆ. ಮರುದಿನ ಹನ್ನೊಂದು ಗಂಟೆಗೆಲ್ಲ ನಾವು ನಾಗರಬಾವಿಯ ಒಬ್ಬ ಲಾಯರ್ ಮುಂದೆ ಕೂತಿದ್ದೆವು.

ಲಾಯರ್ ನಮ್ಮ ಸೊಸೆಯ ವಯಸ್ಸಿನ ಹುಡುಗಿ. ಬಹಳ ಸಮಾಧಾನದಿಂದ ನಮಗೆ ಮುಂದೆ ಬರಬಹುದಾದ ದುರವಸ್ಥೆಗಳನ್ನೆಲ್ಲ ಒಂದೊಂದಾಗಿ ಬಣ್ಣಿಸಿದಳು. ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ಯಾರು, ನರ್ಸ್ ಇಟ್ಟರೆ ಬ್ಯಾಂಕಿನಿಂದ ಹಣ ತೆಗೆಯುವವರು ಯಾರು, ನೆನಪು ಹೋದರೆ ಸಹಿ ಹಾಕುವವರು ಯಾರು. ನನಗೆ ಕೂತಲ್ಲೇ ಎಡಗೈ ಜೋಮು ಹಿಡಿದಂತಾಯಿತು.

“ಒಂದು ಪವರ್ ಆಫ್ ಅಟಾರ್ನಿ ಬರೆದುಬಿಟ್ರೆ ಸಾಲ್ದಾ ಮೇಡಂ?” ಎಂದೆ.

“ಅದು ನಿಮ್ಮ ಬುದ್ಧಿ ಸ್ಥಿಮಿತದಲ್ಲಿ ಇರೋವರೆಗೆ ಮಾತ್ರ ನಡೆಯತ್ತೆ ಸಾರ್. ಬುದ್ಧಿ ಹೋದ್ರೆ ಅದೂ ಹೋಗತ್ತೆ.”

“ಅಂದ್ರೆ ಬೇಕಾದ ದಿನಾನೇ ಕೈ ಕೊಡತ್ತೆ!”

“ಇವರ ವಿಷಯದಲ್ಲಿ ಆ ದಿನ ಯಾವತ್ತು ಅಂತ ಕಂಡುಹಿಡಿಯೋದೇ ಕಷ್ಟ ಬಿಡಮ್ಮ,” ಎಂದಳು ಗಿರಿಜೆ.

ಬ್ಯಾಂಕಿನ ಖಾತೆಗಳನ್ನು ಜಂಟಿ ಮಾಡುವುದು, ಮನೆಗೆ ಉಯಿಲು ಬರೆಯುವುದು ಸುಲಭವಾಗಿ ತೀರ್ಮಾನವಾಯಿತು. ಕೊನೆಗೆ ಬಂದದ್ದು ಲಿವಿಂಗ್ ವಿಲ್. ಇನ್ನು ಗುಣವಾಗುವುದಿಲ್ಲ ಎಂದು ಡಾಕ್ಟರುಗಳು ಹೇಳಿದ ಮೇಲೆ ಯಂತ್ರ ಹಾಕಿ ಎಳೆದಾಡಬೇಡಿ ಎಂದು ಮೊದಲೇ ಬರೆದಿಡುವ ಕಾಗದ. ಅದರಲ್ಲಿ, ನಮಗೆ ಮಾತಿಲ್ಲದಾಗ ನಮ್ಮ ಪರವಾಗಿ ಮಾತಾಡುವವರ ಹೆಸರಿಗೆ ಒಂದು ಖಾಲಿ ಜಾಗ. “ಯಾರ ಹೆಸರು ಹಾಕ್ಲಿ ಆಂಟಿ?” ಎಂದು ಲಾಯರ್ ಕೇಳಿದಾಗ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ನನ್ನ ಹೆಸರಿನ ಇನಿಷಿಯಲ್‌ಗಳನ್ನೂ ಜೋಡಿಸಿಕೊಂಡಿದ್ದೆ.

“ಸುಮಾ ಅಂತ ಹಾಕಮ್ಮ. ನಮ್ಮ ಸೊಸೆ,” ಎಂದಳು ಗಿರಿಜೆ.

ಗಂಡನಲ್ಲ, ಹೆತ್ತ ಮಗನೂ ಅಲ್ಲ, ಸೊಸೆ! ವಾಪಸು ಬರುವಾಗ ಆಟೋದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದೆ. ಒಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ: ಅವಮಾನ ಆದದ್ದು ನಿಜ, ಆದರೆ ಅದಕ್ಕೂ ಮೊದಲು ಒಂದು ಕ್ಷಣ ಎದೆ ಹಗುರಾಗಿತ್ತು. ಆ ಹಗುರಕ್ಕೆ ನಾಚಿಕೆಯಾಗಿಯೇ ಅಷ್ಟು ಸಿಟ್ಟು ಬಂದದ್ದು.

“ನಲವತ್ತು ವರ್ಷ ಸಂಸಾರ ಮಾಡಿದೀನಿ. ನಾನು ಲೆಕ್ಕಕ್ಕಿಲ್ವಾ?” ಎಂದೆ.

“ನನ್ನ ಪಿತ್ತಕೋಶದ ಆಪರೇಷನ್ ದಿನ ಏನ್ಮಾಡಿದ್ರಿ, ಹೇಳಿ.”

ಅದನ್ನು ಹೇಳುವಂತಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಎಂದು ಕೊಟ್ಟರೆ ನಾನು ನರ್ಸನ್ನು, ಪಕ್ಕದ ಹಾಸಿಗೆಯವರನ್ನು, ಕೊನೆಗೆ ಲಿಫ್ಟಿನವನನ್ನೂ “ಮಾಡಿಸಬಹುದಾ?” ಎಂದು ಕೇಳಿ, ರೋಗಿಯ ಜಾಗದಲ್ಲಿ ಸಹಿ ಹಾಕಿ, ತಲೆಸುತ್ತಿ ಬಿದ್ದಿದ್ದೆ. ನನಗೆ ಗ್ಲೂಕೋಸ್ ಏರಿಸಿದ ಮೇಲೆ ಅವಳ ಆಪರೇಷನ್ ಆಯಿತು.

ಆದರೆ ಗಿರಿಜೆ ನಗಲಿಲ್ಲ. “ನಿಮಗೆ ನನ್ನನ್ನ ಕಳಿಸಿಕೊಡೋಕೆ ಆಗಲ್ಲ ರೀ. ನೋವಾಗ್ಲಿ, ನರಳ್ಲಿ, ಉಸಿರೊಂದು ಇದ್ರೆ ಸಾಕು ಅಂತ ಇಟ್ಕೊಂಡಿರ್ತೀರ. ನಿಮ್ಮ ಮಗ ಮಂಜೂನೂ ನಿಮ್ಮ ಥರಾನೇ. ಸುಮಾ ಹಂಗಲ್ಲ,” ಎಂದಳು. ನಾನು ಮತ್ತೆ ಹೊರಗೆ ನೋಡತೊಡಗಿದೆ. ಈ ಸಲ ಸಿಟ್ಟಿನಿಂದಲ್ಲ.

ಸುಮಾ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಇಡೀ ಒಂದು ಮಹಡಿಯ ಹೊಲಿಗೆ ಯಂತ್ರಗಳನ್ನು ಸಂಭಾಳಿಸುವವಳು. ಸಂಜೆ ಬಂದು ವಿಷಯ ಕೇಳಿದವಳೇ ಬ್ಯಾಗನ್ನೂ ಇಳಿಸದೆ ನಿಂತುಬಿಟ್ಟಳು.

“ಬೇಡ ಅತ್ತೆ. ನಿಮ್ಮ ಸೇವೆ ಎಷ್ಟು ವರ್ಷ ಬೇಕಾದ್ರೂ ಮಾಡ್ತೀನಿ. ಈ ಸಹಿ ಮಾತ್ರ ಬೇಡ. ನಾಳೆ ನೆಂಟರೆಲ್ಲ ಏನಂತಾರೆ? ಸೊಸೆ ನಿಂತು ಮೆಷಿನ್ ಆಫ್ ಮಾಡಿಸಿದ್ಲು ಅಂತಾರೆ. ನಾನು ಸಾಯೋವರೆಗೂ ಅಂತಾರೆ.”

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆಮೇಲೆ ಗಿರಿಜೆ ಲಾಯರಿಗೆ ಫೋನು ಮಾಡಿ, ಇಬ್ಬರ ಹೆಸರು ಹಾಕಬಹುದೇ ಎಂದು ಕೇಳಿದಳು. ಹಾಕಬಹುದಂತೆ. “ಹಂಗಾದ್ರೆ ಸುಮಾ ಹೆಸರಿನ ಜೊತೆ ನಮ್ಮ ಯಜಮಾನ್ರದ್ದೂ ಹಾಕಮ್ಮ,” ಎಂದು ಫೋನಿಟ್ಟು ನನ್ನ ಕಡೆ ತಿರುಗಿದಳು. “ತೀರ್ಮಾನ ಅವಳು ಮಾಡ್ತಾಳೆ. ಯಾರಾದ್ರೂ ಕೇಳಿದ್ರೆ ‘ನಾನೇ ಹೇಳಿದ್ದು’ ಅನ್ನೋದು ನಿಮ್ಮ ಕೆಲಸ. ಬೈಸ್ಕೊಳೋಕಾದ್ರೂ ಬರತ್ತಲ್ಲ?”

ಬರುತ್ತದೆ. ಅದರಲ್ಲಿ ನನಗೆ ದೀರ್ಘ ಅನುಭವವಿದೆ. ಸುಮಾ ಬ್ಯಾಗು ಇಳಿಸಿ, ಸರಿ ಎಂದಳು. ಇಬ್ಬರು ಸಾಕ್ಷಿಗಳ ಮುಂದೆ ಸಹಿಗಳಾಗಿ, ನೋಟರಿಯ ಮುದ್ರೆ ಬಿತ್ತು.

ವಾರದೊಳಗೆ ಸುದ್ದಿ ದಾವಣಗೆರೆಯ ನನ್ನ ಅಕ್ಕನಿಗೆ ತಲುಪಿತು. “ಏನಪ್ಪಾ, ಗಿರಿಜಾಗೆ ಔಷಧ ಕೊಡಬ್ಯಾಡ್ರಿ ಅಂತ ಬರ್ಕೊಟ್ಟೀರಂತೆ! ಯಾರು ಹೇಳಿಕೊಟ್ರು? ಆ ಹುಡುಗೀನಾ?” ಎಂದು ಫೋನಿನಲ್ಲಿ ಗುಡುಗಿದಳು. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಸುಮಾಳ ಕೈ ನಿಂತಿತು.

“ನಾನೇ ಅಕ್ಕಾ. ನಾನೂ ಗಿರಿಜೆನೂ ಕೂತು ಬರೆಸಿದ್ದು. ಸುಮಾ ಬೇಡ ಅಂದ್ಲು, ನಾನೇ ಒಪ್ಪಿಸ್ದೆ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ನಾನೇ ಬಂದು ವಿಚಾರಿಸ್ತೀನಿ ತಡಿ,” ಎಂದಳು ಅಕ್ಕ. “ಬಾ ಅಕ್ಕಾ, ಎಷ್ಟು ದಿನ ಬೇಕಾದ್ರೂ ಇದ್ದು ವಿಚಾರಿಸು,” ಎಂದುಬಿಟ್ಟೆ. ಗಿರಿಜೆ ಹಣೆ ಚಚ್ಚಿಕೊಂಡಳು.

ಅಕ್ಕ ಬಂದು ಮೂರು ವಾರವಾಯಿತು. ಮೊದಲ ವಾರ ಬೈದಳು, ಎರಡನೆಯ ವಾರ ಆ ಕಾಗದವನ್ನು ಕನ್ನಡಕ ಹಾಕಿಕೊಂಡು ನಾಲ್ಕು ಸಲ ಓದಿದಳು. ನಿನ್ನೆ ಊಟಕ್ಕೆ ಕೂತಾಗ, “ನಂಗೂ ಇಂಥದ್ದೊಂದು ಬರೆಸ್ಕೊಡು. ನನ್ನ ಮಕ್ಕಳ ಹೆಸರು ಬ್ಯಾಡ, ಅವರು ಪುಕ್ಕಲರು. ಅವತ್ತು ಫೋನಿನಾಗ ‘ನಾನೇ’ ಅಂತ ಎಷ್ಟು ಗಟ್ಟಿಯಾಗಿ ಹೇಳಿದಿ! ನಮ್ಮ ಮನಿಯಾಗ ಧೈರ್ಯ ಇರೋನು ನೀನೊಬ್ಬನೇ. ನಿನ್ನ ಹೆಸರೊಂದೇ ಹಾಕ್ಸು,” ಎಂದಳು. ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುಹೋದಳು. ಸುಮಾ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದಳು.

ನಾಳೆ ಹನ್ನೊಂದಕ್ಕೆ ನಾಗರಬಾವಿಗೆ ಹೋಗಬೇಕು. ಬೆಳಗಿನಿಂದ ಹಾಲಿನವನನ್ನೂ ಪೇಪರಿನವನನ್ನೂ “ಹೆಸರು ಹಾಕಿಸಬಹುದಾ?” ಎಂದು ಕೇಳಿದ್ದಾಯಿತು.